ಕನ್ನಡಿ ಮುಂದೆ ಎಂಟು ತಿಂಗಳು

ಬಿವಿಎ (ದೃಶ್ಯಕಲೆಯ ಪದವಿ) ಕೊನೆ ವರ್ಷದ ಸೆಲ್ಫ್ ಪೋರ್ಟ್ರೇಟ್ ಸರಣಿ ಹೋದ ವಾರ ಗೋಡೆ ಏರಿ ಇಳಿದೂ ಆಯ್ತು. ಆಗಸ್ಟ್ ಮಧ್ಯದಲ್ಲಿ ಶುರು, ಏಪ್ರಿಲ್ ಮಧ್ಯದಲ್ಲಿ ಪ್ರದರ್ಶನ. ಒಟ್ಟು ಹತ್ತು ಕೃತಿ: ಮೂರು ಇದ್ದಿಲಿನವು, ನಾಲ್ಕು ಡ್ರೈಪಾಯಿಂಟ್ ಮುದ್ರಣ (ಹಾಳೆ ಮೇಲೆ ಸೂಜಿಯಲ್ಲಿ ಗೀಚಿ, ಶಾಯಿ ತುಂಬಿ ಕಾಗದಕ್ಕೆ ಒತ್ತೋದು), ಮೂರು ತೈಲಚಿತ್ರ. ಮುಂದಿನ ವರ್ಷ ಇದೇ ವಿಷಯ ಎತ್ತಿಕೊಳ್ಳೋರಿಗೆ ಎಲ್ಲಿ ಕಾಯಬೇಕಾಗುತ್ತೆ, ಎಲ್ಲಿ ದುಡ್ಡು ಹೋಗುತ್ತೆ, ಎಲ್ಲಿ ಕೆಲಸ ಕೆಡುತ್ತೆ ಅಂತ ಮೊದಲೇ ಗೊತ್ತಿರಲಿ ಅಂತ ಇದನ್ನ ಬರೆದದ್ದು.

ಮೊದಲು ಕೊಡಬೇಕಾದ್ದು ಎರಡು ಪುಟದ ಸಾರಲೇಖ, ಹದಿನೈದು ಪುಟ್ಟ ಕರಡು ಚಿತ್ರ, ನೋಡಿ ಕಲಿಯೋ ಮೂವರು ಕಲಾವಿದರ ಹೆಸರು. "ನನ್ನ ಅಸ್ಮಿತೆಯ ಹುಡುಕಾಟ" ಅಂತ ಶುರುವಾಗೋ ಸಾರಲೇಖ ವಾಪಸ್ ಬರೋದು ಗ್ಯಾರಂಟಿ, ನನ್ನದೂ ಬಂತು. ಎಷ್ಟು ಕೃತಿ, ಯಾವ ಅಳತೆ, ಯಾವ ಮಾಧ್ಯಮ, ಎಲ್ಲಿ ಕೂತು, ಯಾವ ಬೆಳಕಲ್ಲಿ, ಯಾವ ತಿಂಗಳಲ್ಲಿ ಯಾವುದು ಅಂತ ಬರೆದದ್ದು ಎರಡನೇ ಸಲಕ್ಕೆ ಪಾಸಾಯ್ತು. ಹುಡುಕಾಟ ಏನಿದ್ದರೂ ಕೊನೆಗೆ ಬರೆಯೋ ಟಿಪ್ಪಣಿಯಲ್ಲಿ ಹಾಕಿಕೊಳ್ಳಬಹುದು, ಆಗ ಏನು ಸಿಕ್ಕಿತು ಅಂತಲಾದರೂ ಗೊತ್ತಿರುತ್ತೆ.

ಮೊದಲ ವಿಮರ್ಶೆ ಆಗಸ್ಟ್ ಕೊನೆಗೆ. ಫೋನಲ್ಲಿ ತೆಗೆದ ಸೆಲ್ಫಿ ನೋಡಿ ಬಿಡಿಸಿದ ಮೂರು ಚಿತ್ರ ಇಟ್ಟಿದ್ದೆ. ಮೇಷ್ಟ್ರು ಒಂದೇ ಮಾತು ಹೇಳಿದ್ದು: "ಆಧಾರ್ ಕಾರ್ಡಿಗೆ ಸಾಕು ಕಣಪ್ಪಾ, ಗೋಡೆಗೆ ಸಾಲದು." ಬೇಜಾರಾಗುತ್ತೆ, ನಿಜ. ಆದರೆ ಫೋನಿನ ತೊಂದರೆ ಲೆಕ್ಕಕ್ಕೆ ಸಿಗೋ ಅಂಥದ್ದು. ಕೈ ಮಡಚಿ 30 ಸೆಂಟಿಮೀಟರ್ ದೂರದಿಂದ ಸೆಲ್ಫಿ ತೆಗೆದರೆ ಮೂಗಿನ ತುದಿ 30ರಲ್ಲಿ, ಕಿವಿ ಸುಮಾರು 42ರಲ್ಲಿ ಇರುತ್ತೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ದೊಡ್ಡದಾಗಿ ಬೀಳುತ್ತೆ. ಒಂದೂವರೆ ಮೀಟರ್ ದೂರದಿಂದ ತೆಗೆದರೆ ಇದೇ ಅನುಪಾತ 1.08ಕ್ಕೆ ಇಳಿಯುತ್ತೆ. ಸೆಲ್ಫಿ ನೋಡಿ ಬಿಡಿಸಿದ ಮುಖಗಳೆಲ್ಲ ಉಬ್ಬಿದ ಹಾಗೆ, ಕಿವಿ ಹಿಂದಕ್ಕೆ ಓಡಿದ ಹಾಗೆ ಕಾಣೋದು ಇದಕ್ಕೇ. ಫೋಟೊ ಬೇಕೇ ಬೇಕು ಅಂದರೆ ಐದಾರು ಅಡಿ ದೂರದಲ್ಲಿ ಫೋನ್ ನಿಲ್ಲಿಸಿ, ಟೈಮರ್ ಹಾಕಿ, ಆಮೇಲೆ ಕತ್ತರಿಸಿಕೊಳ್ಳಿ. ಇದ್ದಿಲಿನ ಕೆಲಸಕ್ಕಂತೂ ಅದೂ ಬೇಡ, ಕನ್ನಡಿ ಸಾಕು.

ಕನ್ನಡಿ ಕೊಳ್ಳೋದರಲ್ಲೂ ಕೆಲಸ ಇದೆ. ಫ್ಯಾನ್ಸಿ ಅಂಗಡಿಯ ತೆಳು ಕನ್ನಡಿ ಬಾಗಿರುತ್ತೆ, ಮುಖ ಒಂದು ಕಡೆ ಜಗ್ಗಿದಂತೆ ಕಾಣುತ್ತೆ. ಗಾಜಿನ ಅಂಗಡಿಗೇ ಹೋಗಿ 4 ಅಥವಾ 5 ಮಿಲಿಮೀಟರ್ ದಪ್ಪದ್ದು, 18×24 ಇಂಚಿಗೆ ಕತ್ತರಿಸಿ ಅಂಚು ಉಜ್ಜಿಸಿಕೊಳ್ಳಿ. ಕಟ್ಟು ಸೇರಿ ₹700 ಆಯ್ತು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡುತ್ತಾ ತಲೆಯನ್ನ ನಿಧಾನಕ್ಕೆ ಅತ್ತಿತ್ತ ಆಡಿಸಿ. ಗೆರೆ ಹಾವಿನಂತೆ ಹರಿದಾಡಿದರೆ ಆ ಕನ್ನಡಿ ಬೇಡ.

ಕನ್ನಡಿಯ ಬಗ್ಗೆ ಮೊದಲೇ ತಿಳಿದಿರಬೇಕಾದ್ದು ಮೂರು ಸಂಗತಿ. ಕನ್ನಡಿಯ ಮೈಮೇಲೆ ನಿಮ್ಮ ಮುಖ ಯಾವಾಗಲೂ ಅರ್ಧ ಅಳತೆಯದ್ದೇ. ಹತ್ತಿರ ಬನ್ನಿ, ದೂರ ಹೋಗಿ, ಅದು ಬದಲಾಗಲ್ಲ. ನಂಬಿಕೆ ಬರದಿದ್ದರೆ ಒಂದು ಕಣ್ಣು ಮುಚ್ಚಿ, ಸೋಪಿನ ಚೂರಲ್ಲಿ ಗಲ್ಲ ಮತ್ತು ನೆತ್ತಿಯ ಗುರುತು ಹಾಕಿ ಅಳೆಯಿರಿ. 22 ಸೆಂಟಿಮೀಟರ್ ತಲೆ 11 ಸೆಂಟಿಮೀಟರೇ ಬರುತ್ತೆ. ಅಲ್ಲಿಂದ ನೇರ ಅಳೆದು ಕಾಗದಕ್ಕೆ ಇಳಿಸಿದರೆ ತಲೆ ಪುಟ್ಟದಾಗಿಬಿಡುತ್ತೆ, ನಿಜ ಗಾತ್ರದ ಚಿತ್ರಕ್ಕೆ ಎಲ್ಲವನ್ನೂ ಎರಡರಿಂದ ಗುಣಿಸಬೇಕು. ಎರಡನೇದು, ಎರಡು ಅಡಿ ದೂರದ ಕನ್ನಡಿಯಲ್ಲಿ ನೀವು ನೋಡುತ್ತಿರೋದು ನಾಲ್ಕು ಅಡಿ ದೂರದ ಮನುಷ್ಯನನ್ನ. ಮೂರನೇದು ಎಡಬಲದ ಅದಲುಬದಲು. ವ್ಯಾನ್ ಗೋ 1888ರ ಡಿಸೆಂಬರಿನಲ್ಲಿ ಕುಯ್ದುಕೊಂಡದ್ದು ಎಡಗಿವಿ, 1889ರ ಚಿತ್ರದಲ್ಲಿ ಪಟ್ಟಿ ಇರೋದು ಬಲಗಿವಿಗೆ ಅನ್ನೋ ಹಾಗೆ ಕಾಣುತ್ತೆ. ಕನ್ನಡಿ ನೋಡಿ ಬರೆದದ್ದರ ಗುರುತು ಅದು. ನಿಮ್ಮ ಬೈತಲೆ, ಮಚ್ಚೆ, ಮೂಗುತಿ ಎಲ್ಲ ಹೀಗೇ ಪಕ್ಕ ಬದಲಿಸುತ್ತವೆ. ಮನೆಯವರು "ಏನೋ ಸರಿಯಿಲ್ಲ" ಅಂದರೆ ಗಾಬರಿ ಬೇಡ, ಅವರು ನೋಡೋ ಮುಖ ಬೇರೆ, ನೀವು ನೋಡೋ ಮುಖ ಬೇರೆ.

ಕೂರೋ ಜಾಗ. ಬಲಗೈಯವರು ಕನ್ನಡಿಯನ್ನ ಈಸಲ್‌ನ ಎಡಕ್ಕೆ ಇಡಿ, ಇಲ್ಲದಿದ್ದರೆ ಗೆರೆ ಎಳೆಯುವಾಗಲೆಲ್ಲ ನಿಮ್ಮ ಕೈಯೇ ಅಡ್ಡ. ಕನ್ನಡಿ ಮತ್ತು ಕಾಗದದ ನಡುವೆ ತಲೆ ತಿರುಗಿಸದೆ ಕಣ್ಣು ಮಾತ್ರ ಓಡಾಡುವಷ್ಟು ಹತ್ತಿರ ಇರಬೇಕು. ಕುರ್ಚಿಯ ನಾಲ್ಕು ಕಾಲು, ಈಸಲ್‌ನ ಮೂರು ಕಾಲು, ಕನ್ನಡಿ ಸ್ಟ್ಯಾಂಡು, ಎಲ್ಲದಕ್ಕೂ ನೆಲದ ಮೇಲೆ ಮಾಸ್ಕಿಂಗ್ ಟೇಪಿನ ಗುರುತು ಹಾಕಿ. ಸ್ಟುಡಿಯೊ ಗುಡಿಸೋಕೆ ಬರುವವರು ಕುರ್ಚಿ ನಾಲ್ಕು ಇಂಚು ಸರಿಸಿದರೂ ಮೂರು ದಿನದ ಕೆಲಸ ಹಾಳು. ಕನ್ನಡಿಯ ಮೇಲೂ ಟೇಪಿನ ಒಂದು ಚುಕ್ಕೆ ಅಂಟಿಸಿ, ಪ್ರತಿಸಲ ಬಲಗಣ್ಣಿನ ಪಾಪೆ ಅದಕ್ಕೆ ಕೂಡುವಂತೆ ಕೂತುಕೊಳ್ಳಿ. ತಲೆ ಅಲ್ಲಾಡೋ ಸಮಸ್ಯೆ ಮುಕ್ಕಾಲು ಪಾಲು ಅಲ್ಲಿಗೆ ಮುಗಿಯುತ್ತೆ. ನಲವತ್ತು ನಿಮಿಷಕ್ಕೊಮ್ಮೆ ಏಳಲೇಬೇಕು. ಬಿಗಿಹಿಡಿದು ಕೂತ ಕುತ್ತಿಗೆ ಚಿತ್ರದಲ್ಲೂ ಬಿಗಿಯಾಗೇ ಬರುತ್ತೆ.

ಬೆಳಕಿನ ವಿಷಯಕ್ಕೆ ಯೂರೋಪಿನ ಪುಸ್ತಕಗಳೆಲ್ಲ ಉತ್ತರದ ಕಿಟಕಿ ಹುಡುಕಿ ಅನ್ನುತ್ತವೆ. ಮೈಸೂರಿನ ಅಕ್ಷಾಂಶ 12.3 ಡಿಗ್ರಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಆ ದಿನಗಳಲ್ಲಿ ಉತ್ತರದ ಕಿಟಕಿಯಲ್ಲೂ ನೇರ ಬಿಸಿಲು ಇಣುಕುತ್ತೆ. ಜೊತೆಗೆ ಮಳೆಗಾಲದ ಮೋಡ ಐದು ನಿಮಿಷಕ್ಕೊಂದು ಬೆಳಕು. ಹಾಗಾಗಿ ಬಲ್ಬೇ ಲೇಸು: ಒಂದು 9 ವ್ಯಾಟ್ ಎಲ್‌ಇಡಿ, ಪೊಟ್ಟಣದ ಮೇಲೆ ಸಿಆರ್‌ಐ (ಬಣ್ಣಗಳನ್ನ ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋ ಅಂಕ) 90ಕ್ಕಿಂತ ಹೆಚ್ಚು ಅಂತ ಇರೋದು, ತಲೆಗಿಂತ ಒಂದೂವರೆ ಅಡಿ ಮೇಲೆ, ಪಕ್ಕಕ್ಕೆ 45 ಡಿಗ್ರಿ. ನೆರಳಿನ ಕಡೆಯ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಪುಟ್ಟ ತ್ರಿಕೋನ ಬೆಳಕು ಬಿದ್ದರೆ ಜಾಗ ಸರಿ ಅಂತ. ಕ್ಯಾನ್ವಾಸಿಗೆ ಅದೇ ಜಾತಿಯ ಇನ್ನೊಂದು ಬಲ್ಬು. ಮುಖಕ್ಕೆ ಹಳದಿ, ಕ್ಯಾನ್ವಾಸಿಗೆ ಬಿಳಿ ಬಲ್ಬು ಹಾಕಿದರೆ ಹಗಲಿನಲ್ಲಿ ನೋಡಿದಾಗ ಬಣ್ಣವೆಲ್ಲ ದಿಕ್ಕು ತಪ್ಪಿರುತ್ತೆ.

ಸೆಪ್ಟೆಂಬರ್ ಪೂರ್ತಿ ಇದ್ದಿಲು. ಎಲ್ಲರೂ ಮಾಡೋ ತಪ್ಪು ಕಣ್ಣನ್ನ ಮೇಲಕ್ಕೆ ಬರೆಯೋದು. ಕಣ್ಣಿರೋದು ತಲೆಯ ಸರಿ ಅರ್ಧದಲ್ಲಿ. ಹಣೆ ಮತ್ತು ಕೂದಲಲ್ಲಿ ಆಸಕ್ತಿ ಕಮ್ಮಿ ಇರೋದರಿಂದ ಬುರುಡೆಯನ್ನ ಕತ್ತರಿಸಿಬಿಡುತ್ತೇವೆ. ಇನ್ನೊಂದು ತಪ್ಪು, ಕಣ್ಣು ಮುಗಿಸಿ ಮೂಗಿಗೆ, ಮೂಗು ಮುಗಿಸಿ ಬಾಯಿಗೆ ಹೋಗೋದು. ಮುಖ ಬಿಡಿಭಾಗಗಳ ಅಂಗಡಿ ಆಗುತ್ತೆ. ಮೊದಲು ನೆರಳಿನ ಒಂದೇ ದೊಡ್ಡ ಆಕಾರ ಹಚ್ಚಿ, ಕಣ್ಣುಗುಳಿ, ಮೂಗಿನ ಪಕ್ಕ, ತುಟಿ ಕೆಳಗೆ, ಕುತ್ತಿಗೆ ಎಲ್ಲ ಒಂದೇ ಹರಿವಲ್ಲಿ. ಫಿಕ್ಸೆಟಿವ್ (ಇದ್ದಿಲು ಉದುರದಂತೆ ಹಿಡಿಸೋ ಸ್ಪ್ರೇ) ಒಂದು ಅಡಿ ದೂರದಿಂದ ತೆಳ್ಳಗೆ ಎರಡು ಮೂರು ಸಲ. ಒಂದೇ ಸಲ ಸುರಿದರೆ ಬೂದುಛಾಯೆಗಳು ಕಪ್ಪಾಗಿ ನುಂಗಿಹೋಗುತ್ತವೆ.

ಅಕ್ಟೋಬರಿನ ತೈಲಚಿತ್ರ ಕೆಟ್ಟಿತು, ಎರಡು ಕಾರಣಕ್ಕೆ. ಒಂದು, "ಫ್ಲೆಶ್ ಟಿಂಟ್" ಅಂತ ಬರೆದ ಟ್ಯೂಬು. ಅದು ಯಾರ ಚರ್ಮದ ಬಣ್ಣವೋ, ನಮ್ಮದಂತೂ ಅಲ್ಲ. ಕಂದು ಮೈಬಣ್ಣಕ್ಕೆ ಬಿಳಿ ಬೆರೆಸುತ್ತಾ ಹೋದರೆ ಮುಖಕ್ಕೆ ವಿಭೂತಿ ಬಳಿದಂತಾಗುತ್ತೆ. ನಡುವಿನ ಛಾಯೆಗೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಯೆಲ್ಲೊ ಓಕರ್ (ಮಣ್ಣು ಹಳದಿ), ಕಪ್ಪಿಗೆ ಬರ್ನ್ಟ್ ಸಿಯೆನ್ನಾ ಜೊತೆ ಅಲ್ಟ್ರಾಮರೀನ್ ನೀಲಿ, ತುಟಿ, ಕಿವಿ, ಮೂಗಿನ ತುದಿಗೆ ಚೂರು ಕ್ರಿಮ್ಸನ್ (ಕಡುಗೆಂಪು). ಬಿಳಿಯನ್ನ ಹಣೆ ಮತ್ತು ಮೂಗಿನ ಹೊಳಪಿಗೆ ಮಾತ್ರ ಉಳಿಸಿಕೊಳ್ಳಿ, ಅದಕ್ಕೂ ಒಂದು ಎಳೆ ನೀಲಿ ಬೆರೆಸಿ. ನಮ್ಮ ಚರ್ಮದ ಹೊಳಪು ತಂಪುಬಣ್ಣದ್ದು, ಬಿಳಿ ಬಲ್ಬಿನ ಕೆಳಗೆ ಕೂತು ನೋಡಿದರೆ ಕಾಣುತ್ತೆ. ಎರಡನೇ ಕಾರಣ ಅವಸರ. ಕೆಳಗಿನ ಪದರ ಟರ್ಪಂಟೈನಲ್ಲಿ ತೆಳ್ಳಗೆ, ಮೇಲೆ ಹೋದಂತೆ ಲಿನ್ಸೀಡ್ ಎಣ್ಣೆ ಜಾಸ್ತಿ. ಇದು ತಿರುಗುಮುರುಗಾದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದ್ದು ಆಮೇಲೆ ಕುಗ್ಗಿ ಬಿರುಕು ಬಿಡುತ್ತೆ. ತೈಲಬಣ್ಣ ಒಣಗೋದು ನೀರಾರಿದಂತೆ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗೋದು. ಅಂಬರ್ ಅನ್ನೋ ಕಂದು ಬಣ್ಣ ಬೇಗ ಒಣಗುತ್ತೆ, ಕ್ರಿಮ್ಸನ್ ದಿನಗಟ್ಟಲೆ ಅಂಟಂಟು. ವೇಳಾಪಟ್ಟಿಯಲ್ಲಿ ಪದರಕ್ಕೆ ವಾರ, ಹತ್ತು ದಿನ ಬಿಟ್ಟುಕೊಳ್ಳಿ. ಕಾಯೋ ದಿನಗಳಲ್ಲಿ ಮುದ್ರಣದ ಕೆಲಸ ಮಾಡಬಹುದು.

ನವೆಂಬರ್ ಹೊತ್ತಿಗೆ ಕೈ ಪಳಗಿತ್ತು, ಚಿತ್ರಗಳು ಬೇಸರ ಬರಿಸುತ್ತಿದ್ದವು. ಹೋಲಿಕೆ ಇದೆ, ಅಷ್ಟೇ. ಎಲ್ಲದರಲ್ಲೂ ಅದೇ ದಿಟ್ಟಿಸೋ ನೋಟ, ಕನ್ನಡಿಯಲ್ಲಿ ಕಣ್ಣು ಕಣ್ಣನ್ನೇ ನೋಡಬೇಕಾದ್ದರಿಂದ ಬರೋ ಆ ಸಿಟ್ಟಿನಂಥ ಗಂಟುಮುಖ. ಸುಮಾರು ಎಲ್ಲರಿಗೂ ಈ ತಿಂಗಳು ಹೀಗೇ ಕಳೆಯುತ್ತೆ. ಇನ್ನಷ್ಟು ಮುಖ ಬರೆದು ದಾಟೋಕೆ ನೋಡಬೇಡಿ, ಎದ್ದು ಹೊರಗೆ ಹೋಗಿ.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಸೋಮವಾರ ರಜೆ, ಊರಿಂದ ಬರೋರು ನೆನಪಿಡಿ. ಪುಸ್ತಕದಲ್ಲಿ ನೋಡಬೇಕಾದವರಲ್ಲಿ ಅಮೃತಾ ಶೇರ್‌ಗಿಲ್ ಮೊದಲು. 1934ರಲ್ಲಿ ಆಕೆ ತನ್ನನ್ನ ತಾಹಿತಿಯ ಹೆಣ್ಣಾಗಿ ಬರೆದುಕೊಂಡ ಚಿತ್ರದಲ್ಲಿ ಕಣ್ಣು ನಮ್ಮ ಕಡೆ ಇಲ್ಲವೇ ಇಲ್ಲ, ಮೈ ಒಂದು ಕಡೆ, ನೋಟ ಇನ್ನೊಂದು ಕಡೆ, ಹಿಂದೆ ಯಾರದೋ ನೆರಳು. ದಿಟ್ಟಿ ಬಿಡಿಸಿಕೊಳ್ಳೋಕೆ ಎರಡು ಕನ್ನಡಿ ಬೇಕು ಅಂತ ಹೊಳೆದದ್ದು ಅಲ್ಲಿ: ಒಂದನ್ನ ಪಕ್ಕದಲ್ಲಿಟ್ಟು, ಅದರೊಳಗಿಂದ ಎದುರಿನ ಕನ್ನಡಿಯನ್ನ ನೋಡಿದರೆ ನಿಮ್ಮ ಪಕ್ಕಮುಖ ನಿಮಗೇ ಕಾಣುತ್ತೆ. ಇವೆರಡನ್ನೇ 90 ಡಿಗ್ರಿಗೆ ಜೋಡಿಸಿದರೆ ನಡುವಿನ ಸಂದಿಯಲ್ಲಿ ಎಡಬಲ ಅದಲುಬದಲಾಗದ ಮುಖ ಸಿಗುತ್ತೆ. ಮೊದಲ ಸಲ ನೋಡಿದಾಗ ಯಾರೋ ಅಪರಿಚಿತರು ಅನ್ನಿಸುತ್ತೆ.

ನಮ್ಮ ಬೆಂಗಳೂರಿನವರೇ ಆದ ಪುಷ್ಪಮಾಲಾ ಎನ್. ಅವರ ಛಾಯಾಚಿತ್ರಗಳೂ ಬೇಕು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ, ಬೆಳದಿಂಗಳ ಹೆಣ್ಣಾಗಿ ತಾವೇ ನಿಂತಿದ್ದಾರೆ. ಅಲ್ಲಿ ಪ್ರಶ್ನೆ ಮುಖದ್ದಲ್ಲ, ಇಂಥ ಚಿತ್ರಗಳನ್ನ ನೋಡಿ ನೋಡಿ ನಮ್ಮ ಕಣ್ಣು ಏನಾಗಿದೆ ಅನ್ನೋದು.

ಬೇಲೂರಿಗೂ ಹೋಗಿಬನ್ನಿ. ಚೆನ್ನಕೇಶವ ದೇವಾಲಯದ ಸೂರಿನಡಿ ಓರೆಯಾಗಿ ನಿಂತ ಮದನಿಕೆಯರಲ್ಲಿ ದರ್ಪಣಸುಂದರಿ ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಅವಳಿಗೆ ಕಾಣುತ್ತಿರೋದು ನಮಗೆ ಕಾಣಲ್ಲ. ನಾವು ನೋಡೋದು ನೋಡುವವಳನ್ನ. ಇದ್ದಿಲಿನ ಮೂರನೇ ಚಿತ್ರ ಆದದ್ದು ಇದರಿಂದ: ಹಿಂದಿನಿಂದ ಕಂಡ ತಲೆ, ಕೈಯಲ್ಲಿ ಕನ್ನಡಿಯ ಬೆನ್ನು. ಶಿಲ್ಪ ಎತ್ತರದಲ್ಲಿದೆ, ಬೈನಾಕ್ಯುಲರ್ ಒಯ್ಯಿರಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಪೆನ್ಸಿಲ್ಲು, ಸಣ್ಣ ಪುಸ್ತಕ ಇದ್ದರೆ ಆಯ್ತು. ಮಧ್ಯಾಹ್ನ ಕಲ್ಲು ನೆಲ ಕಾಲು ಸುಡುತ್ತೆ, ಕಾಲುಚೀಲ ಇರಲಿ.

ಕೆಲಸದ ದಾರಿಯನ್ನೇ ಬದಲಿಸಿದ್ದು ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳೋ ಜಾಗ. ತನ್ನ ಮುಖದ ಮೇಲೇ, ಕನ್ನಡಿ ನೋಡಿ, ದಿನಾ ಚಿತ್ರ ಬರೆಯೋರು ಇನ್ಯಾರಿದ್ದಾರೆ? ಆದರೆ ಆಗಸ್ಟಿನಲ್ಲೇ ಹೊಳೆದಿದ್ದರೂ ಉಪಯೋಗ ಇರಲಿಲ್ಲ. ಮೇ ಕೊನೆಯ ಪತ್ತನಾಜೆಗೆ (ತುಳುನಾಡಿನ ಆಚರಣೆಯ ದಿನ) ತೆಂಕುತಿಟ್ಟಿನ, ಅಂದರೆ ದಕ್ಷಿಣ ಕನ್ನಡದ ಕಡೆಯ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದರೆ ಮತ್ತೆ ಹೊರಡೋದು ದೀಪಾವಳಿ ಕಳೆದ ಮೇಲೆ, ನವೆಂಬರಿನ ಹೊತ್ತಿಗೆ. ಕಾಲೇಜಿನ ಲೆಟರ್‌ಹೆಡ್ ಮೇಲೆ ಕನ್ನಡದಲ್ಲೇ ಒಂದು ಪತ್ರ ಮಾಡಿಸಿ, ಮೇಳದ ವ್ಯವಸ್ಥಾಪಕರ ಹೆಸರಿಗೆ. ಆ ಸಹಿಗೆ ಹನ್ನೊಂದು ದಿನ ಹಿಡಿಯಿತು. ಚೌಕಿಯಲ್ಲಿ ಗಣಪತಿ ಪೂಜೆ ಇರುತ್ತೆ, ಚಪ್ಪಲಿ ಹೊರಗೆ. ಫ್ಲ್ಯಾಶ್ ಬೇಡವೇ ಬೇಡ. ಫೋಟೊಗೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಹಿರಿಯರೊಬ್ಬರು ಪತ್ರ ಓದದೆ ಹೇಳಿದ್ದು ಇಷ್ಟೇ: "ಕೂತ್ಕೊಳ್ಳಿ ಮಾರಾಯ್ರೇ, ಬೆಳಕಿಗೆ ಮಾತ್ರ ಅಡ್ಡ ಬರ್ಬೇಡಿ."

ಕ್ರಮ ಹೀಗೆ. ಸಫೇದ ಅನ್ನೋ ಬಿಳಿ ಪುಡಿಗೆ ಬಣ್ಣ ಸೇರಿಸಿ ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆಲ್ಲ ಒಂದೇ ಸಮ ಹಚ್ಚುತ್ತಾರೆ. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇತ್ತು. ಆ ಪದರದಲ್ಲಿ ಸ್ವಂತ ಮುಖ ಅಳಿಸಿಹೋಗುತ್ತೆ. ಆಮೇಲೆ ಹಣೆಯ ನಡುವಿಂದ ಕಡ್ಡಿಯಲ್ಲಿ ಗೆರೆ, ಎಡಕ್ಕೊಂದು ಎಳೆದರೆ ತಕ್ಷಣ ಬಲಕ್ಕೆ ಅದರ ಜೋಡಿ. ಆಗಾಗ ಕೈಗನ್ನಡಿಯನ್ನ ಪೂರ್ತಿ ದೂರಕ್ಕೆ ಹಿಡಿದು ಸಭೆಗೆ ಹೇಗೆ ಕಾಣುತ್ತೆ ಅಂತ ನೋಡಿಕೊಳ್ಳುತ್ತಾರೆ. ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿಯನ್ನ, ಅಂದರೆ ಉಬ್ಬು ಚುಕ್ಕೆಗಳನ್ನ, ಮುಳ್ಳುಮುಳ್ಳಾಗಿ ಇಡೋಕೆ ಗಂಟೆಗಟ್ಟಲೆ. ನಾವು ಇರೋ ಮುಖವನ್ನ ನಕಲು ಮಾಡುತ್ತೇವೆ, ಇವರು ಮುಖವನ್ನ ಒರೆಸಿ ಹೊಸದಾಗಿ ಕಟ್ಟುತ್ತಾರೆ.

ವೇಷ ಹಾಕಿಕೊಂಡು ಕೂತು ಬರೆಯೋ ಆಸೆ ಆಗುತ್ತೆ. "ಹಾಗೆ ಮಾಡಿದ್ರೆ ಅದು ವೇಷದ ಚಿತ್ರ ಆಗುತ್ತೆ, ನಿನ್ನದಾಗಲ್ಲ" ಅಂದರು ಮೇಷ್ಟ್ರು. ತೆಗೆದುಕೊಂಡದ್ದು ಕ್ರಮವನ್ನ ಮಾತ್ರ: ಕ್ಯಾನ್ವಾಸಿಗೆ ಸಿಯೆನ್ನಾದ ಒಂದೇ ಸಮತಟ್ಟು ಪದರ, ಒಣಗಿದ ಮೇಲೆ ಹಣೆಯ ನಡುವಿಂದ ಹೊರಗೆ ಜೋಡಿಗೆರೆಗಳಲ್ಲಿ ಮುಖ ಕಟ್ಟೋದು, ಹದಿನೈದು ನಿಮಿಷಕ್ಕೊಮ್ಮೆ ಹತ್ತು ಅಡಿ ಹಿಂದೆ ಹೋಗಿ ನೋಡೋದು. ಎರಡನೇ ತೈಲಚಿತ್ರ ಹೀಗಾಯ್ತು. ಹೋಲಿಕೆ ಕಮ್ಮಿ, ಆದರೆ ವಿಮರ್ಶೆಯಲ್ಲಿ ಜನ ಅದರ ಮುಂದೆ ನಿಂತರು.

ಪದರ ಒಣಗೋ ನಡುವೆ ಡ್ರೈಪಾಯಿಂಟ್. 2 ಮಿಲಿಮೀಟರ್ ಅಕ್ರಿಲಿಕ್ ಹಾಳೆ, ಅಂಚುಗಳನ್ನ 45 ಡಿಗ್ರಿಗೆ ಅರದಿಂದ ಉಜ್ಜಿ, ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಕಾಗದ ಹರಿಯುತ್ತೆ. ಕನ್ನಡಿ ನೋಡುತ್ತಾ ನೇರ ಸೂಜಿಯಲ್ಲಿ ಗೀಚಿ. ಇಲ್ಲೊಂದು ಸೊಗಸಿದೆ: ಕನ್ನಡಿ ಒಮ್ಮೆ ಎಡಬಲ ಬದಲಿಸುತ್ತೆ, ಮುದ್ರಣ ಇನ್ನೊಮ್ಮೆ ಬದಲಿಸುತ್ತೆ, ಕೊನೆಗೆ ಕಾಗದದ ಮೇಲೆ ಬರೋದು ಊರವರು ನೋಡೋ ನಿಮ್ಮ ಮುಖ. ರೆಂಬ್ರಾಂಟ್ ಕನ್ನಡಿ ನೋಡಿ ತಗಡಿನ ಮೇಲೆ ಗೀಚಿದ ಸ್ವಂತ ಮುಖಗಳಿಗೂ ಇದೇ ಲೆಕ್ಕ. ಅಕ್ಷರ ಬರೆದರೆ ಮಾತ್ರ ಉಲ್ಟಾ ಬರೆಯಬೇಕು. ಕಾಗದವನ್ನ ಅರ್ಧ ಗಂಟೆ ನೆನೆಸಿ, ಒತ್ತುಕಾಗದದ ನಡುವೆ ನೀರು ಹೀರಿಸಿ, ಮೇಲ್ಮೈ ಹೊಳೆಯದಂತೆ ಆದ ಮೇಲೆ ಬಳಸಿ. ಶಾಯಿ ತುಂಬಿ ಜಾಳುಬಟ್ಟೆಯಲ್ಲಿ ದುಂಡಗೆ ಒರೆಸಿ. ಜಾಸ್ತಿ ಒರೆಸಿದರೆ ಸೂಜಿ ಗೀಚಿದಾಗ ಗೆರೆಯ ಪಕ್ಕಕ್ಕೆ ಏಳೋ ಚಿಂದಿ ಹಿಡಿದಿಟ್ಟ ಮಖಮಲ್ಲಿನಂಥ ಕಪ್ಪು ಹೋಗುತ್ತೆ. ಆ ಚಿಂದಿ ಪ್ರೆಸ್ಸಿನ ಒತ್ತಡಕ್ಕೆ ಸವೆಯೋದರಿಂದ ಒಳ್ಳೆ ಪ್ರತಿ ಹತ್ತು ಹದಿನೈದು ಸಿಕ್ಕರೆ ಪುಣ್ಯ.

ಮೂರನೇ ತೈಲಚಿತ್ರದ ವಿಷಯ ಸಿಕ್ಕಿದ್ದು ಮನೆಯ ಬೀರು ಕನ್ನಡಿಯಲ್ಲಿ. ಯಾವ ಮನೆಯ ಬೀರು ನೋಡಿದರೂ ಕನ್ನಡಿಯ ಅಂಚಿಗೆ ಸ್ಟಿಕ್ಕರ್ ಬೊಟ್ಟುಗಳ ಸಾಲು ಇರುತ್ತೆ, ರಾತ್ರಿ ಮುಖ ತೊಳೆಯೋ ಮುಂಚೆ ಹಣೆಯಿಂದ ತೆಗೆದು ಅಂಟಿಸಿದವು. ಅಜ್ಜಿಯದ್ದು, ಅಮ್ಮನದ್ದು, ಅತ್ತೆಯದ್ದು, ಗಾತ್ರ ನೋಡಿದರೇ ಯಾರದ್ದು ಅಂತ ಗೊತ್ತಾಗುತ್ತೆ. ಅವುಗಳ ನಡುವೆ ನಿಂತ ಒಂದು ಮುಖ.

ಬರೆಯೋದು ಕಷ್ಟ, ಯಾಕಂದರೆ ಬೊಟ್ಟು ಇರೋದು ಎರಡು ಅಡಿಯಲ್ಲಿ, ಮುಖ ಇರೋದು ನಾಲ್ಕು ಅಡಿಯಲ್ಲಿ. ಬೊಟ್ಟನ್ನ ನೋಡಿದರೆ ಮುಖ ಮಸುಕು, ಮುಖ ನೋಡಿದರೆ ಬೊಟ್ಟು ಎರಡೆರಡು. ಎರಡನ್ನೂ ಚೂಪಾಗಿ ಬರೆದರೆ ಬೊಟ್ಟು ಕೆನ್ನೆಯ ಮೇಲೆ ಅಂಟಿದಂತೆ ಕಾಣುತ್ತೆ. ಮುಖವನ್ನ ತೆಳುಬಣ್ಣದಲ್ಲಿ ಅಂಚುಗಳನ್ನ ಒಣಬ್ರಶ್ಶಿನಲ್ಲಿ ಕರಗಿಸಿ ಮುಗಿಸಬೇಕು, ಹತ್ತು ದಿನ ಬಿಡಬೇಕು, ಆಮೇಲೆ ಬೊಟ್ಟುಗಳನ್ನ ದಪ್ಪ ಬಣ್ಣದಲ್ಲಿ ಚೂಪಂಚಿಗೆ ಇಡಬೇಕು. ಓರೆಯಿಂದ ನೋಡಿದರೆ ಪ್ರತಿ ಬೊಟ್ಟಿನ ಪಕ್ಕ ಅದರದ್ದೇ ಪ್ರತಿಬಿಂಬ ಕಾಣುತ್ತೆ, ಅದು ಕೆಂಪಲ್ಲ, ಗೋಂದು ಹತ್ತಿದ ಹಿಂಬದಿಯ ಮಾಸಲು ಬಿಳಿ. ಆ ಬಿಳಿ ಗೆರೆ ಹಾಕಿದ ಕ್ಷಣ ಗಾಜು ಇದೆ ಅಂತ ಕಣ್ಣಿಗೆ ಗೊತ್ತಾಗುತ್ತೆ. ಇದನ್ನ ಕಂಡುಕೊಳ್ಳೋಕೆ ಎರಡು ವಾರ ಹಿಡಿಯಿತು.

ಖರ್ಚು: ಕನ್ನಡಿ ₹700, ಬಲ್ಬು ಹೋಲ್ಡರ್ ₹450, ಕಾಗದ ಇದ್ದಿಲು ₹600, ಮೂರು ಕ್ಯಾನ್ವಾಸ್ ₹1,800, ಬಣ್ಣ ಎಣ್ಣೆ ಬ್ರಶ್ ₹2,600, ಮುದ್ರಣ ಸಾಮಾನು ₹1,100, ಬಸ್ಸು ₹1,400, ಏಳು ಚಿತ್ರಕ್ಕೆ ಕಟ್ಟು ಹಾಕಿಸೋಕೆ ₹3,850. ಒಟ್ಟು ₹12,500. ಕಟ್ಟಿನ ದುಡ್ಡನ್ನ ಯಾರೂ ಮೊದಲು ಲೆಕ್ಕ ಹಾಕಲ್ಲ, ಅದೇ ಕೊನೆಗೆ ಕುತ್ತಿಗೆ ಹಿಡಿಯೋದು. ಏಪ್ರಿಲ್‌ನಲ್ಲಿ ಎಲ್ಲ ಕಾಲೇಜಿನ ಹುಡುಗರೂ ಕಟ್ಟಿನ ಅಂಗಡಿಗೆ ಬರುತ್ತಾರೆ, ಮೂರು ವಾರ ಮೊದಲೇ ಕೊಡಿ. ಇದ್ದಿಲಿನ ಚಿತ್ರಕ್ಕೆ ಗಾಜು ತಾಗಬಾರದು, ನಡುವೆ ಮೌಂಟ್ ಬೋರ್ಡ್ ಹಾಕಿಸಿ. ಹೆಸರುಚೀಟಿಯಲ್ಲಿ ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ. ತೂಗುಹಾಕುವಾಗ ಚಿತ್ರದ ನಡು ನೆಲದಿಂದ 145ರಿಂದ 150 ಸೆಂಟಿಮೀಟರಿಗೆ ಬರಲಿ.

ವಾರ್ನಿಶ್ ಇನ್ನೂ ಹಚ್ಚಿಲ್ಲ, ತೈಲಚಿತ್ರಕ್ಕೆ ಆರು ತಿಂಗಳಿಂದ ವರ್ಷ ಬಿಡಬೇಕು. ಅಲ್ಲಿವರೆಗೆ ಧೂಳು ಬೀಳದಿರಲಿ ಅಂತ ಕ್ಯಾನ್ವಾಸನ್ನ ಗೋಡೆಗೆ ಮುಖ ಮಾಡಿ ಒರಗಿಸೋ ಅಭ್ಯಾಸ ಎಲ್ಲರಿಗೂ ಇದೆ. ಹಾಗಿಟ್ಟರೆ ಕತ್ತಲಿಗೆ ಲಿನ್ಸೀಡ್ ಎಣ್ಣೆ ಹಳದಿಗಟ್ಟುತ್ತೆ. ಆಗಿಹೋಗಿದ್ದರೆ ಚಿಂತೆ ಬೇಡ, ನೇರ ಬಿಸಿಲು ತಾಗದ ಬೆಳಕಿನ ಕೋಣೆಯಲ್ಲಿ ಕೆಲವು ವಾರ ತಿರುಗಿಸಿಡಿ, ಹಳದಿ ಬಹುಪಾಲು ಇಳಿಯುತ್ತೆ.